31 ಇಂಚಿನ ಜಾಗದಲ್ಲಿ ಕಲಿತ ಪಾಠ

ಮೈಸೂರಿನಿಂದ ನಂಜನಗೂಡಿನ ಕಡೆ ಹೋಗುವ ಬಸ್ಸಿನಲ್ಲಿ ಮಂಡಕಳ್ಳಿ ಬಂತೆಂದರೆ ಸಾಕು, ಚಿಕ್ಕವನಿದ್ದಾಗ ನಾನು ಕಿಟಕಿಗೆ ಮುಖ ಒತ್ತಿ ಕೂರುತ್ತಿದ್ದೆ. ರಸ್ತೆ ಪಕ್ಕದಲ್ಲೇ ವಿಮಾನ ನಿಲ್ದಾಣ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರಲ್ಲಿ ಆದದ್ದು. 2010ರಲ್ಲಿ ಹೊಸ ಟರ್ಮಿನಲ್ ಕಟ್ಟಿ ಪ್ರಯಾಣಿಕರ ವಿಮಾನ ಹಾರಿಸತೊಡಗಿದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ನಡುವೆ ಒಂದಷ್ಟು ಕಾಲ ವಿಮಾನಗಳೇ ಇರಲಿಲ್ಲ. 2017ರಲ್ಲಿ ‘ಉಡಾನ್’ ಯೋಜನೆ ಬಂದ ಮೇಲೆ ಮತ್ತೆ ಸದ್ದು ಕೇಳಿಸಿತು. ರನ್‌ವೇ ಉದ್ದ ಸುಮಾರು 1.7 ಕಿ.ಮೀ. ಮಾತ್ರ, ಹಾಗಾಗಿ ಇಲ್ಲಿಗೆ ಬರುವುದು ರೆಕ್ಕೆಗೆ ಪಂಕ ಇರುವ ಪುಟ್ಟ ಎಟಿಆರ್ ವಿಮಾನಗಳು. ನಮಗೆ ಅದೇ ಪುಷ್ಪಕ ವಿಮಾನ.

ನಮ್ಮೂರು ತಾಂಡ್ಯ ಕೈಗಾರಿಕಾ ಪ್ರದೇಶದ ಪಕ್ಕ. ಇಮ್ಮಾವು, ಅಡಕನಹಳ್ಳಿ, ತಾಂಡ್ಯ ಸುತ್ತಮುತ್ತಲ ಎಷ್ಟೋ ಹೊಲಗಳು ಫ್ಯಾಕ್ಟರಿಗಳಾಗಿವೆ. ನಮ್ಮಲ್ಲಿ ಹುಡುಗ ಡಿಪ್ಲೊಮಾ ಮುಗಿಸಿದ ಎಂದರೆ ಮುಂದಿನ ಪ್ರಶ್ನೆ, ‘ಯಾವ ಗೇಟಿಗೆ ಅರ್ಜಿ ಹಾಕಿದ್ದೀಯ?’ ನಾನೂ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಒಂದು ಗೇಟಿನೊಳಗೆ ಹೋದೆ. ಎರಡು ವರ್ಷ ಟ್ರೈನಿ. ಆಮೇಲೆ ಕಾಯಂ ಆದೆ. ಕಳೆದ ವರ್ಷ ನಮ್ಮ ಲೈನಿಗೆ ಜರ್ಮನಿಯಿಂದ ಹೊಸ ಮೆಷಿನ್ ಬರುವುದಿತ್ತು. ಒಬ್ಬರು ಮೂರು ವಾರ ಅಲ್ಲಿಗೆ ಹೋಗಿ ಕಲಿತು ಬರಬೇಕಿತ್ತು.

ನಿಜ ಹೇಳಬೇಕೆಂದರೆ ಹೋಗಬೇಕಾದವನು ನಾನಲ್ಲ. ನಮ್ಮ ಲೈನಿನಲ್ಲಿ ಹದಿನೆಂಟು ವರ್ಷದಿಂದ ಇರುವ ಆಪರೇಟರ್ ಅಣ್ಣ ಒಬ್ಬರಿದ್ದಾರೆ. ಮೆಷಿನ್ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುವ ಮನುಷ್ಯ. ನನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದೇ ಅವರು. ಆದರೆ ಅವರ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ‘ಮಾಡಿಸಿಕೊಳ್ಳಿ, ಟೈಮಿದೆ’ ಎಂದು ಮ್ಯಾನೇಜರ್ ಹೇಳಿದಾಗ, ‘ಅಯ್ಯೋ, ಇಂಗ್ಲಿಷ್ ಬರದ ನಾನು ಅಲ್ಲಿ ಹೋಗಿ ನಗೆಪಾಟಲಾಗೋದು ಬ್ಯಾಡ, ಹುಡುಗನ್ನೇ ಕಳ್ಸಿ’ ಎಂದುಬಿಟ್ಟರು. ಹೀಗೆ ಟಿಕೆಟ್ ನನ್ನ ಪಾಲಿಗೆ ಬಂತು. ಬೆಂಗಳೂರಿನಿಂದ ಕೊಲ್ಲಿಯ ಒಂದು ನಗರ, ಅಲ್ಲಿಂದ ಫ್ರಾಂಕ್‌ಫರ್ಟ್. ಎಕಾನಮಿ ಕ್ಲಾಸ್. ನಮ್ಮ ವಂಶದಲ್ಲೇ ವಿಮಾನ ಹತ್ತಿದ ಮೊದಲಿಗ ನಾನು.

ಯೂಟ್ಯೂಬ್ ತಯಾರಿ

ಮುಂದಿನ ಹದಿನೈದು ದಿನ ನಾನು ಓದಿದಷ್ಟನ್ನು ಪರೀಕ್ಷೆಗೆ ಓದಿದ್ದರೆ ಡಿಸ್ಟಿಂಕ್ಷನ್ ಬರುತ್ತಿತ್ತು. ಸೀಟ್ ಬೆಲ್ಟ್ ಹಾಕುವುದು ಹೇಗೆ, ಟಾಯ್ಲೆಟ್ ಬಾಗಿಲು ತೆರೆಯುವುದು ಹೇಗೆ, ಫೋರ್ಕ್ ಯಾವ ಕೈಯಲ್ಲಿ ಹಿಡಿಯಬೇಕು, ಎಲ್ಲದಕ್ಕೂ ವಿಡಿಯೊ ನೋಡಿದೆ. ನನಗಿದ್ದ ಭಯ ವಿಮಾನ ಬೀಳುತ್ತದೆ ಎಂದಲ್ಲ. ‘ಇವನು ಹಳ್ಳಿಯವನು, ಮೊದಲ ಸಲ ಹತ್ತಿದ್ದಾನೆ’ ಎಂದು ಯಾರಿಗಾದರೂ ಗೊತ್ತಾಗಿಬಿಡುತ್ತದೆ ಎಂಬ ಭಯ.

ಹೊರಡುವ ದಿನ ಅವ್ವ ಒಂದು ಚೀಲ ಕೊಡುಬಳೆ, ಒಂದು ಡಬ್ಬಿ ತುಪ್ಪ, ಅರ್ಧ ಚಿಪ್ಪು ರಸಬಾಳೆ ತಂದಿಟ್ಟಳು. ‘ಫಾರಿನ್ನಿಗೆ ಯಾರಾದ್ರೂ ಬಾಳೆಹಣ್ಣು ಹೊತ್ಕೊಂಡು ಹೋಗ್ತಾರಾ?’ ಎಂದು ರೇಗಿ ಎಲ್ಲವನ್ನೂ ಅಲ್ಲೇ ಬಿಟ್ಟೆ. ಅವ್ವ ಮಾತಾಡಲಿಲ್ಲ. ಆದರೆ ನನಗೆ ಗೊತ್ತಾಗದಂತೆ ಕೈಚೀಲದ ಒಳಜೇಬಿಗೆ ನಂಜನಗೂಡು ಹಲ್ಲುಪುಡಿಯ ಡಬ್ಬಿ ತುರುಕಿದ್ದಳು. ನಮ್ಮ ಮನೆಯಲ್ಲಿ ಇವತ್ತಿಗೂ ಪೇಸ್ಟ್ ಬರುವುದು ನೆಂಟರು ಬಂದಾಗ ಮಾತ್ರ.

ಸಂಜೆ ಮೈಸೂರಿನಲ್ಲಿ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತಿ ರಾತ್ರಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಿದೆ. 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ. ಮೇಲೆಲ್ಲ ಬಿದಿರಿನ ಅಲಂಕಾರ, ತೂಗುಬಿಟ್ಟ ಗಿಡಗಳು. ಬಾಯಿ ಬಿಟ್ಟು ನೋಡುವ ಆಸೆ, ಆದರೆ ದಿನಾ ನೋಡುವವನ ಹಾಗೆ ಮುಖ ಬಿಗಿದುಕೊಂಡು ನಡೆದೆ.

ಆ ಗತ್ತು ಸೆಕ್ಯುರಿಟಿ ತಪಾಸಣೆಯಲ್ಲಿ ಇಳಿಯಿತು. ನನ್ನ ಕೈಚೀಲವನ್ನು ಪಕ್ಕಕ್ಕೆ ಎಳೆದರು. ಜವಾನರೊಬ್ಬರು ಒಳಜೇಬಿಗೆ ಕೈಹಾಕಿ ಡಬ್ಬಿ ತೆಗೆದರು, ಮುಚ್ಚಳ ಬಿಚ್ಚಿದರು. ಗುಲಾಬಿ ಬಣ್ಣದ ಪುಡಿ! ಒಮ್ಮೆ ಪುಡಿ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಮೂಸಿದರು. ‘ಯೇ ಕ್ಯಾ ಹೈ?’ ನಾನು ಬೆವೆತು, ಹಲ್ಲು ತೋರಿಸಿ, ಬೆರಳಿನಿಂದ ಉಜ್ಜುವ ಅಭಿನಯ ಮಾಡಿದೆ. ಅವರು ನಕ್ಕು ಡಬ್ಬಿ ವಾಪಸ್ ಕೊಟ್ಟರು. ಸಾಲಿನಲ್ಲಿ ಹಿಂದಿದ್ದವರೂ ನಕ್ಕರು. ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕಿಟಕಿ ಪಕ್ಕದ ಅಮ್ಮ

ಗೇಟಿನ ಬಳಿ ಕಾಯುತ್ತಿದ್ದಾಗ ಎದುರಿನ ಕುರ್ಚಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು. ‘ಹ್ಞೂಂ ಕನವ್ವ, ಗೇಟತ್ರ ಕುಂತಿವ್ನಿ. ಲಂಡನ್ನಿಗೆ ಹೋಗೋ ವಿಮಾನ ಅಲ್ಲಿ ಬದಲಾಯಿಸ್ಬೇಕಂತಲ್ಲ, ಅದೇ ಯೋಚ್ನೆ. ನೀ ಎಲೆ ಅಲ್ಲಾಡ್ದಂಗೆ ಮಲಗಿರು, ತುಂಬಿದ ಬಸುರಿ.’ ಅಪ್ಪಟ ನಮ್ಮ ಸೀಮೆಯ ಮಾತು. ಮಗಳ ಬಾಣಂತನಕ್ಕೆ ಒಂಟಿಯಾಗಿ ಹೊರಟಿದ್ದಾರೆ ಎಂದು ಅರ್ಥವಾಯಿತು. ಒಳಗೆ ಹೋದರೆ 3–4–3 ಸೀಟುಗಳ ದೊಡ್ಡ ವಿಮಾನ. ನನ್ನದು ಮಧ್ಯದ ಸೀಟು. ಕಿಟಕಿ ಪಕ್ಕ ಅದೇ ಅಮ್ಮ. ಇನ್ನೊಂದು ಪಕ್ಕ ಲ್ಯಾಪ್‌ಟಾಪ್ ತೆರೆದ ಸೂಟುಧಾರಿ.

ಎಕಾನಮಿ ಕ್ಲಾಸ್ ಎಂದರೆ ಏನೋ ಎಂದುಕೊಂಡಿದ್ದೆ. ಮುಂದಿನ ಸೀಟಿಗೂ ನಮ್ಮ ಸೀಟಿಗೂ ನಡುವಿನ ಅಳತೆ ಸಾಮಾನ್ಯವಾಗಿ 31–32 ಇಂಚು, ಅಗಲ 17–18 ಇಂಚು. ನಮ್ಮ ಕೆಂಪು ಬಸ್ಸಿನ ಮೂರು ಜನರ ಸೀಟಿಗೆ ರೆಕ್ಕೆ ಕಟ್ಟಿದ ಹಾಗೆ. 1952ಕ್ಕೆ ಮೊದಲು ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಈ ಅಗ್ಗದ ದರ್ಜೆಯೇ ಇರಲಿಲ್ಲ. ಆ ವರ್ಷ ‘ಟೂರಿಸ್ಟ್ ಕ್ಲಾಸ್’ ಬಂತು, 1958ರಲ್ಲಿ ‘ಎಕಾನಮಿ’ ಎಂಬ ಹೆಸರಿನಲ್ಲಿ ಇನ್ನೂ ಅಗ್ಗದ ದರ್ಜೆ ಬಂತು. ಸೀಟುಗಳನ್ನು ಒತ್ತೊತ್ತಾಗಿ ಇಟ್ಟಿದ್ದರಿಂದಲೇ ನನ್ನಂಥವರ ಕಂಪನಿಗೂ ಟಿಕೆಟ್ ಕೊಳ್ಳಲು ಸಾಧ್ಯವಾದದ್ದು. ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಇಟ್ಟುಕೊಂಡಿದ್ದೂ ಇದೇ ಲೆಕ್ಕ: ಊಟ, ಆಡಂಬರ ತೆಗೆ, ದರ ಇಳಿಸು, ಎಲ್ಲರನ್ನೂ ಹತ್ತಿಸು. 2009ರಲ್ಲಿ ಕೇಂದ್ರ ಸಚಿವರಾಗಿದ್ದ ಶಶಿ ತರೂರ್ ಟ್ವಿಟರ್‌ನಲ್ಲಿ ಈ ದರ್ಜೆಯನ್ನು ‘ಕ್ಯಾಟಲ್ ಕ್ಲಾಸ್’ ಎಂದು ಕರೆದು ವಿವಾದ ಎಬ್ಬಿಸಿದ್ದರು. ದನ ಕಟ್ಟಿ ಬದುಕಿದ ಮನೆಯವನು ನಾನು, ನನಗೇನೂ ಬೇಜಾರಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ದನಗಳಿಗೆ ಕಾಲು ಚಾಚಲು ಇದಕ್ಕಿಂತ ಜಾಗ ಹೆಚ್ಚು ಎನ್ನುವುದಷ್ಟೇ ತಕರಾರು.

ಬೆಳಗಿನ ಜಾವ ನಾಲ್ಕಕ್ಕೆ ವಿಮಾನ ಓಡತೊಡಗಿತು. ಪಕ್ಕದ ಅಮ್ಮ ಕಣ್ಣು ಮುಚ್ಚಿ, ಕೈ ಮುಗಿದು, ‘ಮೂಗೂರು ತಾಯಿ ತ್ರಿಪುರಸುಂದರಿ, ಕಾಪಾಡವ್ವ’ ಎಂದರು. ತಿ. ನರಸೀಪುರ ತಾಲ್ಲೂಕಿನ ಮೂಗೂರು! ನಮ್ಮೂರಿನವರು ಜಾತ್ರೆಗೆ ಹೋಗುವ ಊರು. ನಾನೂ ಮನಸ್ಸಿನಲ್ಲೇ ನಂಜುಂಡೇಶ್ವರನನ್ನು ನೆನೆದೆ, ಆದರೆ ತುಟಿ ಅಲ್ಲಾಡಿಸಲಿಲ್ಲ. ಸೂಟುಧಾರಿ ನೋಡುತ್ತಿದ್ದನಲ್ಲ.

‘ಅಮ್ಮಾ, ನಂದೂ ನಂಜನಗೂಡು’ ಎಂಬ ಮೂರು ಪದ ಸಾಕಿತ್ತು. ಹೇಳಲಿಲ್ಲ. ಹೇಳಿದರೆ ಗಟ್ಟಿಯಾಗಿ ಮಾತಿಗೆ ಕೂರುತ್ತಾರೆ, ಸುತ್ತಲಿನವರು ತಿರುಗಿ ನೋಡುತ್ತಾರೆ, ನನ್ನ ಹದಿನೈದು ದಿನದ ತಯಾರಿ ನೀರುಪಾಲಾಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಹಾಡು ಹಾಕಿರಲೇ ಇಲ್ಲ.

ಬೆಲ್ಟ್ ಹಾಕಲು ಅವರು ತಡಕಾಡಿದಾಗ ಗಗನಸಖಿ ಬಂದು ಹಾಕಿದಳು. ಆಮೇಲೆ ಊಟದ ಗಾಡಿ ಬಂತು. ‘ಚಿಕನ್ ಆರ್ ಪಾಸ್ತಾ?’ ಇಂಜಿನ್ ಸದ್ದಿನಲ್ಲಿ ಆ ಇಂಗ್ಲಿಷ್ ನನಗೇ ಎರಡನೇ ಸಲಕ್ಕೆ ಅರ್ಥವಾದದ್ದು. ಅಮ್ಮ ಏನು ಹೇಳಬೇಕೋ ತಿಳಿಯದೆ ತಲೆ ಅಲ್ಲಾಡಿಸಿದರು. ಚಿಕನ್ ತಟ್ಟೆ ಅವರ ಮುಂದೆ ಬಂತು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಅವರು ಹಾಳೆ ಬಿಚ್ಚಿ, ವಾಸನೆ ಬಂದೊಡನೆ ಹಾಗೇ ಮುಚ್ಚಿ, ತಟ್ಟೆಯ ಅಂಚಿನಲ್ಲಿದ್ದ ಬನ್ನನ್ನೂ ಮುಟ್ಟಲೋ ಬೇಡವೋ ಎಂದು ನೋಡುತ್ತಾ ಕುಳಿತರು. ಕೊನೆಗೆ ನೀರು ಮಾತ್ರ ಕುಡಿದು ತಟ್ಟೆಯನ್ನು ಹಿಂದಕ್ಕೆ ಕೊಟ್ಟರು.

ನನ್ನ ಮುಂದೆ ಪಾಸ್ತಾ ಇತ್ತು. ಬದಲಾಯಿಸಿಕೊಡಬಹುದಿತ್ತು, ನಾನು ಮಾಂಸ ತಿನ್ನುವವನೇ. ‘ಇವರಿಗೆ ವೆಜ್ ಕೊಡಿ’ ಎಂದು ಹೇಳುವಷ್ಟು ಇಂಗ್ಲಿಷೂ ನನಗೆ ಬರುತ್ತದೆ. ಕಣ್ಣೆದುರಿನ ಪರದೆಯಲ್ಲಿ ಸಿನಿಮಾ ನೋಡುವವನಂತೆ ಕೂತು ಪಾಸ್ತಾ ತಿಂದೆ. ಅದಕ್ಕೆ ರುಚಿಯೇ ಇರಲಿಲ್ಲ. ವಿಮಾನ ಹತ್ತು–ಹನ್ನೊಂದು ಕಿ.ಮೀ. ಎತ್ತರದಲ್ಲಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲಿನಷ್ಟು ಇಟ್ಟಿರುತ್ತಾರಂತೆ. ಅಂದರೆ 6,330 ಅಡಿಯ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತ ಲೆಕ್ಕ. ಗಾಳಿಯಲ್ಲಿ ತೇವವೂ ಬಲು ಕಡಿಮೆ. ಮೂಗು ಒಣಗಿ ಉಪ್ಪು, ಸಿಹಿ ನಾಲಿಗೆಗೆ ಸರಿಯಾಗಿ ಹತ್ತುವುದಿಲ್ಲ. ವಿಜ್ಞಾನದ ಕಾರಣ ಅದು. ಆವತ್ತು ನನಗೆ ರುಚಿಸದಿರಲು ಬೇರೆ ಕಾರಣವೂ ಇತ್ತು.

‘ಅವಾಗ್ಲೇ ಗೊತ್ತಾಯ್ತು ಕನಪ್ಪ’

ನಾಲ್ಕು ಗಂಟೆಯ ನಂತರ ಕೊಲ್ಲಿಯ ನಿಲ್ದಾಣದಲ್ಲಿ ಇಳಿದೆವು. ಅದು ನಿಲ್ದಾಣವಲ್ಲ, ಊರು. ಎ, ಬಿ, ಸಿ ಎಂದು ಗೇಟುಗಳ ಸಾಲು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಒಳಗೇ ರೈಲು. ನಾನು ಫಲಕ ನೋಡುತ್ತಾ ನಿಂತಿದ್ದೆ. ಹಿಂದಿನಿಂದ ದನಿ ಬಂತು.

‘ಮಗಾ, ಲಂಡನ್ನಿಗೆ ಹೋಗೋ ವಿಮಾನ ಯಾವ ಕಡೆಗೆ, ಒಸಿ ನೋಡಪ್ಪ.’

ಬೋರ್ಡಿಂಗ್ ಪಾಸ್ ಚಾಚಿಕೊಂಡು ಆ ಅಮ್ಮ ನಿಂತಿದ್ದರು. ನೇರ ಕನ್ನಡದಲ್ಲಿ, ಒಂದಿಷ್ಟೂ ಅನುಮಾನವಿಲ್ಲದೆ. ನಾನು ತಬ್ಬಿಬ್ಬಾದೆ.

‘ನಂಗೆ ಕನ್ನಡ ಬರುತ್ತೆ ಅಂತ ನಿಮಗೆ ಹೇಗೆ ಗೊತ್ತು?’

‘ಬೆಂಗ್ಳೂರಲ್ಲಿ ಆ ಪೊಲೀಸಪ್ಪ ನಿನ್ ಬ್ಯಾಗಿಂದ ನಂಜನಗೂಡು ಹಲ್ಲುಪುಡಿ ತಗ್ದು ಮೂಸ್ತಿದ್ನಲ್ಲ, ಅವಾಗ್ಲೇ ಗೊತ್ತಾಯ್ತು ಕನಪ್ಪ, ನಮ್ ಕಡೆ ಹೈದ ಅಂತ. ನಾನು ನಿನ್ನ ಹಿಂದ್ಗಡೆನೇ ಇದ್ದೆ.’

‘ಮತ್ತೆ ವಿಮಾನದಲ್ಲಿ ಯಾಕಮ್ಮ ಮಾತಾಡಿಸ್ಲಿಲ್ಲ?’

‘ನಿಂಗೇನೋ ಸಂಕೋಚ ಇರ್ಬೇಕು ಅಂತ ಸುಮ್ಕಿದ್ದೆ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಲ್ಕು ಗಂಟೆ ಹಸಿದು, ಪಕ್ಕದಲ್ಲೇ ಕೂತವನು ತನ್ನನ್ನು ಗುರುತಿಸಿಯೂ ಗುರುತಿಸದ ಹಾಗೆ ಇದ್ದಾನೆಂದು ತಿಳಿದಿದ್ದೂ, ಅವನ ಸಂಕೋಚವನ್ನು ಕಾಪಾಡಿಕೊಂಡು ಬಂದ ಜೀವ ಅದು. ಏನೂ ಹೇಳಲಾಗಲಿಲ್ಲ. ಅವರ ಕೈಚೀಲ ಎತ್ತಿಕೊಂಡೆ. ಫಲಕದಲ್ಲಿ ಲಂಡನ್ ಗೇಟು ಹುಡುಕಿ, ಒಳಗಿನ ರೈಲಿನಲ್ಲಿ ಕರೆದುಕೊಂಡು ಹೋಗಿ, ಗೇಟಿನ ಸಿಬ್ಬಂದಿಗೆ ನನ್ನ ಮುರುಕು ಇಂಗ್ಲಿಷಿನಲ್ಲೇ, ‘ಷಿ ಈಸ್ ವೆಜಿಟೇರಿಯನ್, ನೋ ಇಂಗ್ಲಿಷ್, ಪ್ಲೀಸ್ ಹೆಲ್ಪ್’ ಎಂದೆ. ಆಕೆ ನಗುನಗುತ್ತಾ ಬರೆದುಕೊಂಡಳು. ನನ್ನ ವ್ಯಾಕರಣ ಕೇಳಿ ಯಾರೂ ನಗಲಿಲ್ಲ. ಹದಿನೈದು ದಿನ ನಾನು ಹೆದರಿದ್ದ ಗಳಿಗೆ ಬಂದು ಹೋಗಿಯೂ ಆಗಿತ್ತು, ಅದರಲ್ಲಿ ಏನೂ ಇರಲಿಲ್ಲ.

ಗೇಟಿನ ಕುರ್ಚಿಯಲ್ಲಿ ಕೂತ ಮೇಲೆ ಅವರು ಚೀಲದಿಂದ ಕೊಡುಬಳೆಯ ಪೊಟ್ಟಣ ತೆಗೆದರು. ‘ವಿಮಾನದಾಗೆ ಬಿಚ್ಚಿದ್ರೆ ಬೈತಾರೇನೋ ಅಂತ ತಿನ್ನಲಿಲ್ಲ. ತಗೋ.’ ಹಿಂದಿನ ದಿನ ಅವ್ವನ ಕೊಡುಬಳೆಯನ್ನು ಜಗುಲಿಯ ಮೇಲೆ ಬಿಟ್ಟು ಬಂದವನು ಪರದೇಶದಲ್ಲಿ ಕೂತು ಮೂಗೂರಿನ ಕೊಡುಬಳೆ ತಿಂದೆ. ಗಂಟಲಲ್ಲಿ ಇಳಿಯುವುದು ಸ್ವಲ್ಪ ಕಷ್ಟವಾಯಿತು.

ಅವರ ವಿಮಾನ ಮೊದಲು ಹೊರಟಿತು. ಹೆಸರು ಕೇಳುವುದನ್ನೂ ಮರೆತಿದ್ದೆ.

ಮೊದಲ ಸಲ ಹಾರುವ ಗೆಳೆಯರಿಗೆ

ಇದನ್ನು ಓದುತ್ತಿರುವ ಯಾರಿಗೋ ನಾಳೆ ಇಂಥದ್ದೇ ಟಿಕೆಟ್ ಬರಬಹುದು. ನಾನು ತಪ್ಪಿ ಕಲಿತದ್ದನ್ನು ನೀವು ಮೊದಲೇ ತಿಳಿದಿರಿ.

ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಪಾಸ್‌ಪೋರ್ಟ್ ಅರ್ಜಿಯ ಜತೆ ಅಂಕಪಟ್ಟಿ ತೋರಿಸಿ. ಇಲ್ಲವಾದರೆ ‘ಇಸಿಆರ್’ ಮುದ್ರೆ ಬೀಳುತ್ತದೆ. ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಆಗ ಸರ್ಕಾರದ ಎಮಿಗ್ರೇಷನ್ ಅನುಮತಿ ಬೇಕು. ಏಜೆಂಟ್ ಮೂಲಕ ಹೋಗುವವರು ಆತ ‘ಇ–ಮೈಗ್ರೇಟ್’ ಪೋರ್ಟಲ್‌ನಲ್ಲಿ ನೋಂದಾಯಿತನೇ ಎಂದು ನೋಡಿಕೊಳ್ಳಿ.

ಊಟದ ವಿಷಯ. ಟಿಕೆಟ್ ಆದ ಮೇಲೆ ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ‘ಏಷ್ಯನ್ ವೆಜಿಟೇರಿಯನ್ ಮೀಲ್’ ಆರಿಸಬಹುದು. ಸಾಮಾನ್ಯವಾಗಿ 24 ಗಂಟೆ ಮೊದಲೇ ಆರಿಸಿರಬೇಕು. ಅಪ್ಪ–ಅಮ್ಮನನ್ನು ಒಂಟಿಯಾಗಿ ಕಳಿಸುವ ಮಕ್ಕಳು ಇದನ್ನೊಂದು ಮಾಡಿದರೂ ಸಾಕು, ಅವರು ಹಸಿದು ಕೂರುವುದಿಲ್ಲ. ವಯಸ್ಸಾದವರಿಗೆ ನಿಲ್ದಾಣದಲ್ಲಿ ನೆರವು ಬೇಕೆಂದು ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಬಹುದು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿಗೆ ಹಾಕುವಂತಿಲ್ಲ. ಕೈಚೀಲದ ದ್ರವ ಪದಾರ್ಥ ಒಂದೊಂದೂ 100 ಮಿ.ಲೀ. ಮೀರಬಾರದು. ಉಪ್ಪಿನಕಾಯಿಯ ಎಣ್ಣೆಯೂ ದ್ರವವೇ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ, ತುಪ್ಪ ಬಿಟ್ಟು ಹೋದದ್ದು ಸರಿಯೇ ಆಯಿತು. ತಮಾಷೆ ಕೇಳಿ: ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಅಲ್ಲಿಗೆ ಒಯ್ಯಬಹುದಾದ ಐದು ಹಣ್ಣುಗಳಲ್ಲಿ ಬಾಳೆಹಣ್ಣೂ ಒಂದು. ಅವ್ವನ ರಸಬಾಳೆಗೆ ಕಾನೂನಿನ ಅಡ್ಡಿಯೇ ಇರಲಿಲ್ಲ. ಅಡ್ಡಿ ಇದ್ದದ್ದು ನನ್ನ ತಲೆಯಲ್ಲಿ.

ಬ್ಯಾಗ್ ಬಾರದಿದ್ದರೆ ನಿಲ್ದಾಣದಿಂದ ಹೊರಬರುವ ಮುನ್ನ ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಿ, ‘ಪಿಐಆರ್’ ಎಂಬ ಚೀಟಿ ಪಡೆಯಿರಿ. 2009ರಿಂದ ಭಾರತವೂ ಸೇರಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ ದಿನದಿಂದ 21 ದಿನದೊಳಗೆ ಲಿಖಿತವಾಗಿ ಪರಿಹಾರ ಕೇಳಬೇಕು.

ವಾಪಸ್ ಬರುವಾಗ

ಮೂರು ವಾರ ಮುಗಿಸಿ ಬರುವಾಗ ಕೊಲ್ಲಿಯಿಂದ ಬೆಂಗಳೂರಿನ ವಿಮಾನದಲ್ಲಿ ನನ್ನ ಪಕ್ಕ ರಾಯಚೂರು ಕಡೆಯ ಹುಡುಗನೊಬ್ಬ ಕೂತಿದ್ದ. ಕಟ್ಟಡ ಕೆಲಸ, ಎರಡು ವರ್ಷದ ನಂತರ ಮನೆಗೆ. ಗಾಡಿ ಬಂದಾಗ ಗೊಂದಲದಲ್ಲಿ ನನ್ನತ್ತ ನೋಡಿದ. ‘ಕೋಳಿ ಬೇಕಾ, ತರಕಾರಿದು ಬೇಕಾ ಅಂತ ಕೇಳ್ತಿದಾರೆ’ ಎಂದೆ, ಗಟ್ಟಿಯಾಗಿಯೇ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಆಮೇಲೆ ಬೆಂಗಳೂರು ಬರುವವರೆಗೂ ಮಾತು. ಮೊಣಕೈ ಇಡಲೂ ಜಾಗವಿಲ್ಲದ ಆ ಸೀಟು ಅಂದು ಇಕ್ಕಟ್ಟು ಎನಿಸಲಿಲ್ಲ.

ಫ್ಯಾಕ್ಟರಿಗೆ ಹೋದ ಮೊದಲ ದಿನ ಆಪರೇಟರ್ ಅಣ್ಣನಿಗೆ ಮೆಷಿನ್ ಬಗ್ಗೆ ಹೇಳುವ ಮೊದಲು ಈ ಕತೆ ಹೇಳಿದೆ. ನಾನು ಸುಮ್ಮನಿದ್ದ ಭಾಗವನ್ನೂ ಮುಚ್ಚಿಡದೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾರೆ ಇಂಗ್ಲಿಷ್ ಬರ್ದೆ ಲಂಡನ್ನಿಗೆ ಹೋಗ್ಬಹುದು ಅನ್ನು’ ಎಂದರು.

ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಆರಂಭವಾದ ಎರಡು ಊರುಗಳಲ್ಲಿ ಮೈಸೂರು ಒಂದು. ಕಳೆದ ತಿಂಗಳು ಇಬ್ಬರೂ ಕೂತು ಅವರ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿದೆವು. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಶುಲ್ಕ. ಟ್ರಂಕಿನ ತಳದಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದು, ಮಡಿಕೆ ನೇವರಿಸಿ ತಂದಿದ್ದರು. ಇನ್ನೊಮ್ಮೆ ಟ್ರೈನಿಂಗ್ ಬಂದರೆ ಅವರೇ ಹೋಗಬೇಕು ಎಂದು ಮ್ಯಾನೇಜರಿಗೂ ಹೇಳಿಟ್ಟಿದ್ದೇನೆ.

ಅರ್ಜಿ ತುಂಬಿ ಮುಗಿದ ಮೇಲೆ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: ‘ಹಲ್ಲುಪುಡಿ ತಗೊಂಡ್ ಹೋಗ್ಬಹುದಾ?’

‘ತಗೊಂಡೇ ಹೋಗಿ ಅಣ್ಣ’ ಎಂದೆ. ‘ಕೈಚೀಲದಲ್ಲೇ ಇಟ್ಕೊಳ್ಳಿ.’